ಎಂಪಿಎಚ್ ಓದಲು ಮುಂಬೈಗೆ ಹೋಗಬೇಕೇ, ಮೈಸೂರಿನಲ್ಲೇ ಉಳಿಯಬೇಕೇ?

ಪ್ರಶ್ನೆ: ಪಾಂಡವಪುರ ತಾಲ್ಲೂಕಿನಿಂದ ಒಬ್ಬ ಶುಶ್ರೂಷಕಿ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ವರ್ಷಗಳಿಂದ ನಮ್ಮ ತಾಲ್ಲೂಕಿನ ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಪ್ರೋತ್ಸಾಹಧನ ಸೇರಿ ತಿಂಗಳಿಗೆ ಸುಮಾರು 28 ಸಾವಿರ ರೂಪಾಯಿ ಕೈಗೆ ಬರುತ್ತದೆ, ಆದರೆ ಪ್ರೋತ್ಸಾಹಧನ ಯಾವ ತಿಂಗಳು ಬಂದೀತು ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳಲಾರರು.

ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಓದಬೇಕೆಂಬ ಆಸೆ ಹುಟ್ಟಿದ್ದು ಒಂದು ನೋಟ್‌ಬುಕ್ಕಿನಿಂದ. ನಮ್ಮ ಕೇಂದ್ರದಲ್ಲಿ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳಿಗಾಗಿ ಪ್ರತಿ ತಿಂಗಳು ಬರುವವರ ಹೆಸರನ್ನು ಸರ್ಕಾರಿ ಪೋರ್ಟಲ್‌ಗೆ ಏರಿಸುವುದರ ಜೊತೆಗೆ ನನ್ನದೇ ಪುಸ್ತಕದಲ್ಲೂ ಬರೆದಿಡುತ್ತಾ ಬಂದಿದ್ದೇನೆ. ಎರಡು ವರ್ಷದ ಹಾಳೆಗಳನ್ನು ಒಟ್ಟಿಗೆ ತಿರುವಿದಾಗ, ಆಲೆಮನೆಗಳಲ್ಲಿ ಕೆಲಸ ಜೋರಾಗಿರುವ ತಿಂಗಳುಗಳಲ್ಲಿ ಮಾತ್ರೆ ಪಡೆಯಲು ಬರುವ ಗಂಡಸರ ಸಂಖ್ಯೆ ತೀರಾ ಇಳಿಯುವುದು ಕಂಡಿತು. ಇದು ಕೆಲಸದ ಒತ್ತಡದಿಂದಲೋ, ನಮ್ಮ ಕೇಂದ್ರ ತೆರೆದಿರುವ ವೇಳೆಯಿಂದಲೋ, ಅಥವಾ ನಾನೇ ಬರೆಯುವುದರಲ್ಲಿ ತಪ್ಪಿದ್ದೇನೆಯೋ ಎಂದು ತೀರ್ಮಾನಿಸುವ ವಿದ್ಯೆ ನನ್ನಲ್ಲಿಲ್ಲ. ಮೇಲಿನವರಿಗೆ ಹೇಳಿದಾಗ, ಗುರಿ ಮುಟ್ಟಿದೆಯೇ ಎಂದಷ್ಟೇ ಕೇಳಿದರು.

ಈಗ ನನ್ನ ಮುಂದೆ ಎರಡು ದಾರಿಗಳಿವೆ. ಒಂದು, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ದೊರೆತಿರುವ ಸೀಟು. ಅಲ್ಲಿ ಎರಡು ವರ್ಷಕ್ಕೆ ಶುಲ್ಕ, ವಸತಿ, ಊಟ, ಓಡಾಟ ಎಲ್ಲ ಸೇರಿ 7 ಲಕ್ಷ ಬೇಕಾದೀತೆಂದು ನಾನು ಲೆಕ್ಕ ಹಾಕಿದ್ದೇನೆ. ನನ್ನ ಉಳಿತಾಯ 1 ಲಕ್ಷ, ಉಳಿದ 6 ಲಕ್ಷ ಸಾಲವೇ ಆಗಬೇಕು. ಇನ್ನೊಂದು, ಮೈಸೂರಿನ ಒಂದು ಕಾಲೇಜು. ಪಾಂಡವಪುರ ನಿಲ್ದಾಣದಿಂದ ರೈಲಿನಲ್ಲಿ ದಿನವೂ ಹೋಗಿಬರಬಹುದು, 4 ಲಕ್ಷದೊಳಗೆ ಮುಗಿಯುತ್ತದೆ. ತಂದೆಯವರಿಗೆ ಎರಡೂವರೆ ಎಕರೆ ನೀರಾವರಿ ಜಮೀನಿದೆ, ಕಬ್ಬಿನ ಬಾಕಿ ಬರುವುದು ಬಂದಾಗ. ಜಮೀನಿನ ಪತ್ರ ಬ್ಯಾಂಕಿನಲ್ಲಿಡುವುದಾದರೆ ಓದೇ ಬೇಡ ಎಂದು ನಾನೇ ನಿರ್ಧರಿಸಿದ್ದೇನೆ. ಅಮ್ಮನಿಗಂತೂ ಎರಡು ವರ್ಷವೆಂದರೆ ಮದುವೆಯ ಎರಡು ವರ್ಷ ಮುಂದಕ್ಕೆ ಹೋಯಿತು ಎಂಬ ಚಿಂತೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಸರಸ್ವತಿಪುರಂ, ಮೈಸೂರು

ಸಹೋದರಿ, ನಾನು ದಂತವೈದ್ಯ ಪದವಿಯ ನಂತರ ಅದೇ ಟಾಟಾ ಸಂಸ್ಥೆಯ ದೇವನಾರ್ ಆವರಣದಲ್ಲಿ ಓದಿ, ಆರು ವರ್ಷಗಳ ಹಿಂದೆ ಮೈಸೂರಿಗೆ ಮರಳಿದವನು. ನನ್ನ ಅಭಿಪ್ರಾಯ ಪಕ್ಷಪಾತದಿಂದ ಕೂಡಿರಬಹುದು, ಆದರೂ ಹೇಳುತ್ತೇನೆ: ಹೋಗಿ.

ಪಠ್ಯದ ಹೆಸರುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಎಪಿಡೆಮಿಯಾಲಜಿ (ರೋಗ ಯಾರಿಗೆ, ಏಕೆ ಬರುತ್ತದೆ ಎಂಬ ಅಧ್ಯಯನ), ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶಗಳ ಶಾಸ್ತ್ರ), ಆರೋಗ್ಯ ನೀತಿ, ಆರೋಗ್ಯ ಅರ್ಥಶಾಸ್ತ್ರ, ಕೊನೆಗೊಂದು ಪ್ರಬಂಧ. ವ್ಯತ್ಯಾಸ ಇರುವುದು ಯಾರೊಂದಿಗೆ ಕುಳಿತು ಓದುತ್ತೀರಿ ಮತ್ತು ತರಗತಿಯಿಂದ ಹೊರಬಿದ್ದ ಕೂಡಲೇ ಏನು ಕಾಣುತ್ತೀರಿ ಎಂಬುದರಲ್ಲಿ. ನನ್ನ ತರಗತಿಯಲ್ಲಿ ಆಯುರ್ವೇದ ವೈದ್ಯರು, ಸಮಾಜಕಾರ್ಯ ಓದಿದವರು, ಸಂಖ್ಯಾಶಾಸ್ತ್ರದವರು, ಈಶಾನ್ಯ ರಾಜ್ಯದ ಇಬ್ಬರು ಶುಶ್ರೂಷಕಿಯರು ಇದ್ದರು. ಆವರಣದಿಂದ ಸ್ವಲ್ಪ ದೂರದಲ್ಲೇ ಗೋವಂಡಿಯ ಓಣಿಗಳೂ, 1927ರಿಂದ ಮುಂಬೈನ ಕಸವನ್ನು ಹೊತ್ತುಕೊಂಡಿರುವ ದೇವನಾರ್ ಕಸದ ಗುಡ್ಡವೂ ಇವೆ. ಒಂದು ಮನೆಯಲ್ಲಿ ಕ್ಷಯರೋಗದ ಔಷಧಿ ನಡುವೆ ನಿಂತದ್ದೇಕೆಂದು ಕೇಳಲು ಹೋದಾಗ, ಮನೆಯೊಡತಿ ಮಾತ್ರೆಯ ಡಬ್ಬಿಯನ್ನು ತೋರಿಸದೆ ನಲ್ಲಿಯ ಕೆಳಗಿಟ್ಟಿದ್ದ ಖಾಲಿ ಬಿಂದಿಗೆಗಳ ಸಾಲನ್ನು ತೋರಿಸಿದರು. ನೀರು ಬರುವ ಹೊತ್ತೂ ಔಷಧಿ ಕೊಡುವ ಹೊತ್ತೂ ಒಂದೇ ಆಗಿತ್ತು. ನಿಮ್ಮ ಆಲೆಮನೆಯ ಪ್ರಶ್ನೆಯೂ ಇದೇ ಜಾತಿಯದು. ಅದನ್ನು ಹೊತ್ತುಕೊಂಡು ಬರುವ ವಿದ್ಯಾರ್ಥಿಯನ್ನು ಅಲ್ಲಿನ ಅಧ್ಯಾಪಕರು ಸುಮ್ಮನೆ ಕಳುಹಿಸುವುದಿಲ್ಲ.

ಖರ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹಾಸ್ಟೆಲ್ ಸಿಕ್ಕರೆ ನಿಮ್ಮ ಲೆಕ್ಕ ನಿಲ್ಲುತ್ತದೆ, ಸಿಗದಿದ್ದರೆ ಕುಸಿಯುತ್ತದೆ. ನಾನು ಮೊದಲ ಸೆಮಿಸ್ಟರ್ ಚೆಂಬೂರಿನಲ್ಲಿ ಮೂವರೊಂದಿಗೆ ಒಂದು ಕೋಣೆಯಲ್ಲಿದ್ದೆ. ಬಾಡಿಗೆಯಲ್ಲಿ ನನ್ನ ಪಾಲು 9 ಸಾವಿರ, ಅದಲ್ಲದೆ ಮುಂಗಡ ಮತ್ತು ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಆದ್ದರಿಂದ ಪ್ರವೇಶ ಶುಲ್ಕ ಕಟ್ಟುವ ಮುನ್ನವೇ ಹಾಸ್ಟೆಲ್ ಖಚಿತವೇ ಎಂದು ಬರಹದಲ್ಲಿ ಕೇಳಿ. ಊಟದ ಬಗ್ಗೆ ಅಮ್ಮನಿಗೆ ಚಿಂತೆ ಬೇಡ ಎನ್ನಿ, ಮಾಟುಂಗಾಕ್ಕೆ ಹೋದರೆ ಮೈಸೂರಿನ ಇಡ್ಲಿಯೂ ಸಿಗುತ್ತದೆ, ಮೈಸೂರು ಅಸೋಸಿಯೇಷನ್‌ನಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ.

ಉತ್ತರ 2: ಕುವೆಂಪುನಗರ, ಮೈಸೂರು (ನಿವೃತ್ತ ಬ್ಯಾಂಕ್ ಉದ್ಯೋಗಿ)

ನಾನು ಆರೋಗ್ಯ ಕ್ಷೇತ್ರದವನಲ್ಲ. ಮೂವತ್ತು ವರ್ಷಗಳ ಸೇವೆಯಲ್ಲಿ ಶಿಕ್ಷಣ ಸಾಲದ ಕಡತಗಳನ್ನು ಬಹಳಷ್ಟು ನೋಡಿದ್ದೇನೆ, ಆದ್ದರಿಂದ ಹಣದ ಮಾತನ್ನಷ್ಟೇ ಆಡುತ್ತೇನೆ.

ಮೊದಲು, ಜಮೀನಿನ ಪತ್ರದ ಭಯ ಬಿಡಿ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರದ ಸಾಲ ಖಾತರಿ ನಿಧಿಯ ರಕ್ಷಣೆ ಇದೆ, ಅದರಡಿ ಕೊಡುವ ಸಾಲಕ್ಕೆ ಅಡಮಾನವನ್ನೂ ಜಾಮೀನುದಾರರನ್ನೂ ಕೇಳುವಂತಿಲ್ಲ. ತಂದೆಯವರು ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ನಾಲ್ಕು ಲಕ್ಷ ಮೀರಿದರೆ ಖರ್ಚಿನ ಶೇ 5ರಷ್ಟನ್ನು ತಾವೇ ಹಾಕಬೇಕಾಗುತ್ತದೆ, ಅದಕ್ಕೆ ತಮ್ಮ ಉಳಿತಾಯ ಧಾರಾಳವಾಯಿತು. ಶಾಖೆಯಲ್ಲಿ ಯಾರಾದರೂ ಆರ್‌ಟಿಸಿ (ಪಹಣಿ) ತನ್ನಿ ಎಂದರೆ, ಯಾವ ನಿಯಮದಡಿ ಎಂದು ಸೌಜನ್ಯದಿಂದಲೇ ಬರಹದಲ್ಲಿ ಕೇಳಿ. ನಾವು ಬ್ಯಾಂಕಿನವರು ಬರಹವೆಂದರೆ ಸ್ವಲ್ಪ ಬಗ್ಗುತ್ತೇವೆ.

ಎರಡನೆಯದು ಬಡ್ಡಿ. ಆರು ಲಕ್ಷವನ್ನು ನಾಲ್ಕು ಸೆಮಿಸ್ಟರ್‌ಗಳಿಗೆ ತಲಾ ಒಂದೂವರೆ ಲಕ್ಷದಂತೆ ಬಿಡುಗಡೆ ಮಾಡಿದರು, ಬಡ್ಡಿ ಶೇ 10 ಎಂದಿಟ್ಟುಕೊಳ್ಳೋಣ. ಓದಿನ ಎರಡು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಏನೂ ಕಟ್ಟದೆ ಬಿಟ್ಟರೆ ಮೂರು ವರ್ಷದ ಕೊನೆಗೆ 1,35,000 ರೂಪಾಯಿ ಬಡ್ಡಿ ಸೇರಿ ಸಾಲ 7,35,000 ಆಗಿರುತ್ತದೆ. ಏಳು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 12,200. ಅದರ ಬದಲು ಆಗಿನ ಬಡ್ಡಿಯನ್ನು ಆಗಲೇ ಕಟ್ಟುತ್ತಾ ಹೋದರೆ, ಮೊದಲ ಆರು ತಿಂಗಳು 1,250ರಂತೆ, ಸೆಮಿಸ್ಟರಿಗೊಮ್ಮೆ ಅಷ್ಟಷ್ಟೇ ಏರಿ ಕೊನೆಗೆ 5,000 ಆಗುತ್ತದೆ. ಕಂತು 9,960ಕ್ಕೆ ನಿಲ್ಲುತ್ತದೆ. ತಮ್ಮ ತಂದೆಯವರಿಂದ ಏನಾದರೂ ಪಡೆಯುವುದಾದರೆ ಈ ಬಡ್ಡಿಯನ್ನು ಪಡೆಯಿರಿ, ಶುಲ್ಕವನ್ನಲ್ಲ.

ಮೂರನೆಯದು, 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದಿದ್ದರೆ, 10 ಲಕ್ಷದವರೆಗಿನ ಸಾಲದ ಮೇಲೆ ಕಂತು ಆರಂಭವಾಗುವವರೆಗೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಸಿಗಬಹುದು. ಆದಾಯ 4.5 ಲಕ್ಷದೊಳಗಿದ್ದು ಕೋರ್ಸು ವೃತ್ತಿಪರ ಎಂದು ಪರಿಗಣಿತವಾದರೆ ಆ ಅವಧಿಯ ಪೂರ್ತಿ ಬಡ್ಡಿಯನ್ನೇ ಸರ್ಕಾರ ಭರಿಸುವ ಅವಕಾಶವಿದೆ. ಆದರೆ ಇದು ಕೇಂದ್ರ ಪಟ್ಟಿ ಮಾಡಿದ ಸಂಸ್ಥೆಗಳಿಗೆ ಮಾತ್ರ ಅನ್ವಯ. ತಾವು ಹೇಳಿದ ಎರಡೂ ಸಂಸ್ಥೆಗಳ ಹೆಸರನ್ನು ಆ ಪಟ್ಟಿಯಲ್ಲಿ ಹುಡುಕಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ 4 ಲಕ್ಷ, 7 ಲಕ್ಷ ಎಂಬ ತಮ್ಮ ಲೆಕ್ಕವೇ ಬದಲಾಗುತ್ತದೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ.

ಕೊನೆಯ ಮಾತು. ತಮ್ಮ ಪಟ್ಟಿಯಲ್ಲಿ ಬಹುದೊಡ್ಡ ಖರ್ಚೊಂದು ಬಿಟ್ಟುಹೋಗಿದೆ. 28 ಸಾವಿರದಂತೆ 24 ತಿಂಗಳ ಸಂಬಳ ಎಂದರೆ 6,72,000 ರೂಪಾಯಿ. ಅದು ಮುಂಬೈಗೆ ಹೋದರೂ ಹೋಗುತ್ತದೆ, ಮೈಸೂರಿನಲ್ಲಿದ್ದರೂ ಹೋಗುತ್ತದೆ. ಆದ್ದರಿಂದ ನಿಜವಾದ ಹೋಲಿಕೆ ನಾಲ್ಕಕ್ಕೂ ಏಳಕ್ಕೂ ಅಲ್ಲ, ಹತ್ತೂಮುಕ್ಕಾಲು ಲಕ್ಷಕ್ಕೂ ಹದಿಮೂರೂಮುಕ್ಕಾಲು ಲಕ್ಷಕ್ಕೂ.

ಉತ್ತರ 3: ಮದ್ದೂರು

ಯಾರೂ ಬೆಂಗಳೂರಿನ ಮಾತೆತ್ತಲಿಲ್ಲ. ನಿಮ್ಹಾನ್ಸ್‌ನಲ್ಲೂ ಎಂಪಿಎಚ್ ಇದೆ, ಮುಂದಿನ ವರ್ಷಕ್ಕೆ ಮುಂದೂಡುವುದಾದರೆ ಅದಕ್ಕೂ ಅರ್ಜಿ ಹಾಕಿ. ಆದರೆ ರೈಲು ಪಾಸ್ ಮಾಡಿಸಿಕೊಂಡು ದಿನವೂ ಹೋಗಿಬರುತ್ತೇನೆ ಎಂಬ ಯೋಚನೆ ಮಾತ್ರ ಬೇಡ. ನಾನು ಹನ್ನೊಂದು ವರ್ಷಗಳಿಂದ ಬೆಳಗಿನ ರೈಲಿನಲ್ಲಿ ಹೋಗಿಬರುವವನು. ಕೆಂಗೇರಿ ದಾಟಿದ ಮೇಲೆ ನಗರದೊಳಗಿನ ಪಯಣವೇ ಇನ್ನೊಂದು ಊರಿಗೆ ಹೋದಂತೆ. ರಾತ್ರಿ ಮನೆ ಸೇರಿದವರು ಪುಸ್ತಕ ತೆರೆಯುವುದಿಲ್ಲ.

ಉತ್ತರ 4: ಮಂಡ್ಯ (ಜಿಲ್ಲಾ ಮಟ್ಟದ ಆರೋಗ್ಯ ಕಾರ್ಯಕ್ರಮದಲ್ಲಿ ಉದ್ಯೋಗಿ)

ತಂಗಿ, ಮೊದಲ ಉತ್ತರ ಬರೆದವರ ಉತ್ಸಾಹ ನನಗೂ ಒಪ್ಪಿಗೆ, ತೀರ್ಮಾನ ಒಪ್ಪಿಗೆಯಿಲ್ಲ. ನಾನು ಆಯುರ್ವೇದ ಪದವಿಯ ಮೇಲೆ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಎಂಪಿಎಚ್ ಮಾಡಿದವಳು. ಪ್ರವೇಶದ ವೇಳೆ ತೋರಿಸಿದ ಉದ್ಯೋಗಗಳ ಪಟ್ಟಿ ಹೊಳೆಯುತ್ತಿತ್ತು. ಎರಡು ವರ್ಷದ ನಂತರ ನನಗೂ ನನ್ನ ಗೆಳತಿಗೂ ದೊರೆತದ್ದು ವಿಮಾ ಕ್ಲೇಮುಗಳ ಕಾಗದ ನೋಡುವ ಕೆಲಸ. ಬಯೋಸ್ಟ್ಯಾಟಿಸ್ಟಿಕ್ಸ್ ಪಾಠವನ್ನು ಒಬ್ಬ ಅತಿಥಿ ಉಪನ್ಯಾಸಕರು ನಾಲ್ಕು ಶನಿವಾರಗಳಲ್ಲಿ ಮುಗಿಸಿದ್ದರು.

ಇದು ಹೇಗೆ ಸಾಧ್ಯವಾಯಿತೆಂದರೆ, ಸಮುದಾಯ ವೈದ್ಯಶಾಸ್ತ್ರದ ಎಂಡಿ ಪದವಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹಿಡಿತ ಇರುವಂತೆ ಎಂಪಿಎಚ್‌ಗೆ ಯಾವ ಮಂಡಳಿಯ ಹಿಡಿತವೂ ಇಲ್ಲ. ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದ್ದರಾಯಿತು, ಒಳಗೆ ಏನು ಬಡಿಸುತ್ತಾರೆ ಎಂಬುದು ಅವರವರ ಅಡುಗೆಮನೆಗೆ ಬಿಟ್ಟದ್ದು. ಹಾಗಾಗಿ ಊರಿನ ಹೆಸರು ನೋಡಬೇಡಿ. ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುವವರು ಕಾಯಂ ಅಧ್ಯಾಪಕರೇ, ವಿದ್ಯಾರ್ಥಿಗಳು ಆರ್ ಅಥವಾ ಸ್ಟಾಟಾ ಎಂಬ ಅಂಕಿಅಂಶದ ತಂತ್ರಾಂಶಗಳಲ್ಲಿ ತಾವೇ ದತ್ತಾಂಶ ಬಿಡಿಸುತ್ತಾರೆಯೇ, ಕಳೆದ ವರ್ಷದ ಪ್ರಬಂಧಗಳನ್ನು ಓದಲು ಕೊಡುತ್ತಾರೆಯೇ ಎಂದು ಕೇಳಿ. ಮೈಸೂರಿನ ಕಾಲೇಜಿನಲ್ಲಿ ಇವಕ್ಕೆ ಹೌದು ಎಂಬ ಉತ್ತರ ಬಂದರೆ, ಮುಂಬೈಗೆ ಮೂರು ಲಕ್ಷ ಹೆಚ್ಚು ಕೊಡುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯ ತೆರೆದ ಸಂಸ್ಥಾನ ಮೈಸೂರು. ಸಾರ್ವಜನಿಕ ಆರೋಗ್ಯವೆಂಬುದು ಹೊರಗಿನಿಂದಲೇ ಬರಬೇಕಾದ ಸರಕೇನಲ್ಲ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಜಿಲ್ಲಾ ಮಟ್ಟದ ಅನೇಕ ಹುದ್ದೆಗಳ ಅಧಿಸೂಚನೆಯಲ್ಲಿ ಎಂಪಿಎಚ್ ಜೊತೆಗೆ ಮೂಲ ಪದವಿ ಯಾವುದೆಂದೂ ಕೇಳುತ್ತಾರೆ. ಎಪಿಡೆಮಿಯಾಲಜಿಸ್ಟ್ ಹುದ್ದೆಗೆ ವೈದ್ಯ ಪದವೀಧರರಿಗೆ ಮೊದಲ ಮಣೆ. ಹಿಂದಿನ ಎರಡು ಮೂರು ವರ್ಷಗಳ ಅಧಿಸೂಚನೆಗಳನ್ನು ಮುಂದಿಟ್ಟುಕೊಂಡು, ಬಿಎಸ್ಸಿ ನರ್ಸಿಂಗ್ ಎಂದು ಸ್ಪಷ್ಟವಾಗಿ ಬರೆದಿರುವುದು ಎಷ್ಟರಲ್ಲಿ ಎಂದು ಎಣಿಸಿ. ನಿಮ್ಮ ಗುರಿ ಸರ್ಕಾರಿ ಕಾರ್ಯಕ್ರಮವೋ, ಸಂಶೋಧನಾ ಯೋಜನೆಯೋ, ಸ್ವಯಂಸೇವಾ ಸಂಸ್ಥೆಯೋ ಎಂಬುದು ಆ ಎಣಿಕೆಯಿಂದಲೇ ಸ್ಪಷ್ಟವಾಗುತ್ತದೆ. ನಿಮ್ಮ ನಾಲ್ಕು ವರ್ಷದ ಹಳ್ಳಿಯ ಸೇವೆಗೆ ಹೊರಗಿನ ಸಂಸ್ಥೆಗಳಲ್ಲಿ ಬೆಲೆ ಇದೆ, ಅದನ್ನು ಕಡಿಮೆ ಎಂದುಕೊಳ್ಳಬೇಡಿ. ರಾಜೀನಾಮೆ ಕೊಡುವ ಮುನ್ನ ಬಾಕಿ ಪ್ರೋತ್ಸಾಹಧನವನ್ನೆಲ್ಲ ವಸೂಲು ಮಾಡಿಕೊಳ್ಳಿ, ಗುತ್ತಿಗೆ ಬಿಟ್ಟವರ ಕಡತವನ್ನು ಯಾರೂ ತಿರುಗಿ ನೋಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಬಿಟ್ಟುಹೋದ ಸಂಬಳದ ಲೆಕ್ಕವನ್ನು ನಿನ್ನೆ ರಾತ್ರಿ ಅಪ್ಪನ ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಬಡ್ಡಿಯ 1,250 ರೂಪಾಯಿ ಹಾಲಿನ ಡೈರಿಯ ಬಟವಾಡೆಯಲ್ಲೇ ಹೋಗುತ್ತದೆ, ಅದು ಐದು ಸಾವಿರ ಆಗುವ ಹೊತ್ತಿಗೆ ನೋಡೋಣ ಎಂದರು. ಅಮ್ಮ ಮಾತನಾಡಲಿಲ್ಲ, ಆದರೆ ಮುಂಬೈ ಹಾಸ್ಟೆಲ್‌ನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಕಟ್ಟಡವಿದೆಯೇ ಎಂದು ಕೇಳಿದ್ದಾರೆ.

ಮೈಸೂರಿನ ಕಾಲೇಜಿಗೆ ಶನಿವಾರ ಹೋಗಿದ್ದೆ. ಅಧ್ಯಾಪಕರೊಬ್ಬರು ಕಳೆದ ವರ್ಷದ ಮೂರು ಪ್ರಬಂಧಗಳನ್ನು ಮೇಜಿನ ಮೇಲಿಟ್ಟು ಓದಲು ಬಿಟ್ಟರು, ಎರಡು ಚೆನ್ನಾಗಿದ್ದವು. ನೋಟ್‌ಬುಕ್ ತೋರಿಸಿದಾಗ, ಮಾತ್ರೆ ಪಡೆಯಲು ಬಾರದ ಗಂಡಸರ ಪಕ್ಕದಲ್ಲಿ ಅವರ ಉದ್ಯೋಗವನ್ನು ಏಕೆ ಬರೆದಿಲ್ಲ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮುಂಬೈಗೆ ಹಾಸ್ಟೆಲ್ ಬಗ್ಗೆ ಪತ್ರ ಬರೆದಿದ್ದೇನೆ, ಶುಲ್ಕ ಕಟ್ಟಲು ಇನ್ನೂ ಹನ್ನೆರಡು ದಿನಗಳಿವೆ. ಅಧಿಸೂಚನೆಗಳಲ್ಲಿ ಇದುವರೆಗೆ ಒಂಬತ್ತನ್ನು ಓದಿದ್ದೇನೆ, ನಾಲ್ಕರಲ್ಲಿ ನರ್ಸಿಂಗ್ ಎಂದಿದೆ. ಈ ವಾರದಿಂದ ನೋಟ್‌ಬುಕ್ಕಿನಲ್ಲಿ ಉದ್ಯೋಗಕ್ಕೊಂದು ಕಾಲಂ ಗೆರೆ ಹಾಕಿದ್ದೇನೆ.