ಬಾಕ್ಸ್ ಪಾಸ್ತಾಗೆ ಹಾಲಿನ ಬದಲು ಏನು ಹಾಕಬಹುದು? ಸಾಸ್ ಗಟ್ಟಿಯಾಗುತ್ತಿಲ್ಲ

ಓಹಾಯೋ ಒಗ್ಗರಣೆ:
ಎಲ್ಲರಿಗೂ ನಮಸ್ಕಾರ. ಹ್ಯಾಂಬರ್ಗರ್ ಹೆಲ್ಪರ್ ಥರದ ಬಾಕ್ಸ್ ಊಟ ಅಮೆರಿಕದಲ್ಲಿರುವವರಿಗೆಲ್ಲ ಗೊತ್ತಲ್ವಾ? ಒಂದು ಪೌಂಡ್ ಬೀಫ್ ಕೀಮಾ ಹುರಿದು, ಅದಕ್ಕೆ ಬಾಕ್ಸಿನ ಪಾಸ್ತಾ, ಸಾಸ್ ಪುಡಿ, ನೀರು, ಹಾಲು ಹಾಕಿ ಒಂದೇ ಬಾಣಲೆಯಲ್ಲಿ ಬೇಯಿಸುವುದು. ನಮ್ಮ ಮನೆಯವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಹಾಗಾಗಿ ಹಾಲು ತರುವುದೇ ಕಡಿಮೆ. ಚೀಸ್‌ಬರ್ಗರ್ ಮ್ಯಾಕರೋನಿಗೆ ಹಾಲಿನ ಬದಲು ಬರೀ ನೀರು ಹಾಕಿದರೆ ಸಾಸ್ ನೀರುನೀರು, ರುಚಿಯೂ ಸಪ್ಪೆ. ಮೊಸರು ಕಡೆದು ಹಾಕಿದರೆ ಒಡೆದು ಬಿಳಿ ತರಿತರಿ. ನುಣ್ಣಗೆ ಬರಲು ಏನು ಮಾಡಬೇಕು?

ಪುತ್ತೂರು ಪಾಕ:
ಮೊದಲು ಒಂದು ಪ್ರಶ್ನೆ. ಹಾಲಿನ ಅಲರ್ಜಿಯೋ, ಇಲ್ಲ ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಜೀರ್ಣವಾಗದ ತೊಂದರೆಯೋ? ಅಲರ್ಜಿ ಆಗಿದ್ದರೆ ಬದಲಿ ಹಾಲು ಹುಡುಕಿ ಪ್ರಯೋಜನವಿಲ್ಲ. ಚೀಸ್ ಬಗೆಯ ಬಾಕ್ಸ್‌ಗಳ ಪುಡಿಯಲ್ಲೇ ಚೀಸ್, ವೇ (ಹಾಲು ಒಡೆದಾಗ ಬೇರೆಯಾಗುವ ನೀರಿನ ಪುಡಿ) ಇರುತ್ತವೆ. ಬಾಕ್ಸಿನ ಪಕ್ಕದಲ್ಲಿ ಪದಾರ್ಥಗಳ ಪಟ್ಟಿ ಇದೆ. ಅದರ ಹತ್ತಿರವೇ ಹಾಲು ಇದೆ ಅಂತ ಬರೆದಿರುತ್ತಾರೆ, ದಯವಿಟ್ಟು ಓದಿ.

ಓಹಾಯೋ ಒಗ್ಗರಣೆ:
ಅಲರ್ಜಿ ಅಲ್ಲ. ಕಾಫಿಗೆ ಹಾಕುವಷ್ಟು ಹಾಲು, ಚೀಸ್ ಎಲ್ಲ ಆಗುತ್ತದೆ. ಮನೆಯಲ್ಲಿ ಈಗ ಬೆಣ್ಣೆ, ಓಟ್ ಹಾಲು, ಒಂದು ಡಬ್ಬಿ ಇವ್ಯಾಪೊರೇಟೆಡ್ ಮಿಲ್ಕ್, ಇಂಡಿಯನ್ ಸ್ಟೋರಿನಿಂದ ತಂದ ತೆಂಗಿನ ಹಾಲು ಇವೆ.

ಪುತ್ತೂರು ಪಾಕ:
ಹಾಗಾದರೆ ಸುಲಭ. ಈ ಅಡಿಗೆಯಲ್ಲಿ ಹಾಲಿನ ದೊಡ್ಡ ಕೆಲಸ ಪಾಸ್ತಾ ಬೇಯಲು ನೀರು ಕೊಡುವುದು. ಇಲ್ಲಿ ಪಾಸ್ತಾ ಬೇರೆ ಪಾತ್ರೆಯಲ್ಲಿ ಬೇಯುವುದಿಲ್ಲ, ಬಾಣಲೆಯ ದ್ರವವನ್ನೇ ಹೀರಬೇಕು. ಅದಕ್ಕೆ ಸಾಸ್ ತೆಳ್ಳಗಾಯಿತು ಅಂತ ನೀರು ಕಡಿಮೆ ಮಾಡಬೇಡಿ, ಮ್ಯಾಕರೋನಿ ನಡುವೆ ಗಟ್ಟಿಯಾಗಿ ಉಳಿಯುತ್ತದೆ. ಹಾಲು ಎಷ್ಟು ಕಪ್ ಹೇಳಿದೆಯೋ ಅಷ್ಟೇ ಕಪ್ ದ್ರವ ಹಾಕಿ.

ನೀರು ಹಾಕಿದಾಗ ಕಳೆದುಹೋಗುವುದು ಜಿಡ್ಡು, ಪ್ರೋಟೀನ್, ಸ್ವಲ್ಪ ಸಿಹಿ. ಜಿಡ್ಡನ್ನು ವಾಪಸ್ ತರುವುದು ಸುಲಭ. ಎರಡು ಕಪ್ ಗಟ್ಟಿ ಹಾಲಿನಲ್ಲಿ ಸುಮಾರು 16 ಗ್ರಾಂ ಜಿಡ್ಡು ಇರುತ್ತದೆ. ಎರಡು ಕಪ್ ನೀರಿಗೆ ಒಂದೂವರೆ ಟೇಬಲ್‌ಸ್ಪೂನ್ ಬೆಣ್ಣೆ ಹಾಕಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಆದರೆ ನಾನಾದರೆ ನಿಮ್ಮ ಓಟ್ ಹಾಲನ್ನೇ ಹಾಕುತ್ತೇನೆ. ಅದರಲ್ಲಿ ಪಿಷ್ಟ ಇರುವುದರಿಂದ ಕಾದಾಗ ತಾನೇ ಮಂದವಾಗುತ್ತದೆ. ಸಕ್ಕರೆ, ವೆನಿಲಾ ಇಲ್ಲದ್ದೇ ಅಂತ ನೋಡಿಕೊಳ್ಳಿ. ಚೀಸ್ ಸಾಸಿನಲ್ಲಿ ವೆನಿಲಾ ವಾಸನೆ ಬಂದರೆ ಆ ಊಟ ಯಾರಿಗೂ ಸೇರುವುದಿಲ್ಲ.

ಸೋಯಾ ಹಾಲೂ ಆಗುತ್ತದೆ, ಪ್ರೋಟೀನ್ ಹಸುವಿನ ಹಾಲಿನ ಹತ್ತಿರಕ್ಕೇ ಬರುತ್ತದೆ. ಬಾದಾಮಿ ಹಾಲು ಬಹುಪಾಲು ನೀರೇ, ಅದಕ್ಕೂ ಬೆಣ್ಣೆ ಸೇರಿಸಬೇಕು. ತೆಂಗಿನ ಹಾಲನ್ನು ಈ ಚೆಡ್ಡರ್ ಚೀಸ್ ರುಚಿಗೆ ಬೆರೆಸಬೇಡಿ, ಅದನ್ನು ಮೀನು ಸಾರಿಗೆ ಇಟ್ಟುಕೊಳ್ಳಿ.

ಡೆಲವೇರ್ ದೋಸೆ:
ಇವ್ಯಾಪೊರೇಟೆಡ್ ಡಬ್ಬಿ ಬಗ್ಗೆ ಒಂದು ಮಾತು. ಅದು ಹಾಲಿನಿಂದ ಸುಮಾರು ಶೇಕಡಾ 60ರಷ್ಟು ನೀರು ತೆಗೆದದ್ದು. ಲ್ಯಾಕ್ಟೋಸ್ ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಮಂದವಾಗಿ ಇರುತ್ತದೆ. ಹಾಲು ತೀರಿಹೋಗಿದೆ, ಹೊಟ್ಟೆಯ ತೊಂದರೆ ಇಲ್ಲ ಅನ್ನುವವರಿಗೆ ಮಾತ್ರ ಅದು ಒಳ್ಳೆಯದು: ಒಂದು ಪಾಲು ಡಬ್ಬಿ ಹಾಲಿಗೆ ಒಂದು ಪಾಲು ನೀರು. ಹಾಲಿನ ಪುಡಿಯಾದರೆ ಒಂದು ಕಪ್ ನೀರಿಗೆ ಮೂರನೇ ಒಂದು ಕಪ್ ಪುಡಿ. ನಿಮ್ಮ ಮನೆಗೆ ಲ್ಯಾಕ್ಟೋಸ್ ಇಲ್ಲದ ಹಾಲೇ ಸರಿ. ಅದು ನಿಜವಾದ ಹಾಲೇ, ಲ್ಯಾಕ್ಟೋಸ್ ಒಡೆದಿರುವುದರಿಂದ ಒಂಚೂರು ಸಿಹಿ ಜಾಸ್ತಿ ಅಷ್ಟೇ. ಬಾಕ್ಸಿನ ಅಳತೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಓಹಾಯೋ ಒಗ್ಗರಣೆ:
ಮೊಸರು ಯಾಕೆ ಒಡೆಯಿತು? ಸಣ್ಣ ಉರಿಯೇ ಇತ್ತು.

ಪುತ್ತೂರು ಪಾಕ:
ಮೊಸರಿನಲ್ಲಿ ಹುಳಿಗೆ ಪ್ರೋಟೀನ್ ಆಗಲೇ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಹತ್ತು ನಿಮಿಷ ಕುದಿಸಿದರೆ ಅದು ಇನ್ನಷ್ಟು ಬಿಗಿದುಕೊಂಡು ನೀರು ಬಿಡುತ್ತದೆ. ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ ರುಬ್ಬಿ ಹಾಕಿ, ಒಂದು ಕುದಿ ಬಂದ ಕೂಡಲೇ ಇಳಿಸುತ್ತೇವೆ ನೋಡಿ, ಕಾರಣ ಇದೇ. ಇಲ್ಲಿ ಮೊಸರೇ ಬೇಕು ಅನಿಸಿದರೆ ನೀರಲ್ಲೇ ಪಾಸ್ತಾ ಬೇಯಿಸಿ, ಒಲೆ ಆರಿಸಿ, ಆಮೇಲೆ ಎರಡು ಚಮಚ ಗಟ್ಟಿ ಮೊಸರು ಕಲಸಿ. ಮತ್ತೆ ಉರಿಗೆ ಇಡಬೇಡಿ.

ಕೊಡಗು ಕಾಫಿ:
ನಾವು ಬೀಫ್ ಬದಲು ಟರ್ಕಿ ಕೀಮಾ ಹಾಕುತ್ತೇವೆ. ಅದರಲ್ಲಿ ಜಿಡ್ಡು ಕಡಿಮೆ, ಜೊತೆಗೆ ಹಾಲೂ ಇಲ್ಲ ಅಂದರೆ ಸಾಸ್ ಎರಡು ಪಟ್ಟು ಸಪ್ಪೆ. ಬೆಣ್ಣೆಯನ್ನು ಮರೆಯಬೇಡಿ. 80/20 ಬೀಫ್ (ಶೇಕಡಾ 20 ಜಿಡ್ಡು ಇರುವ ಕೀಮಾ) ಆದರೆ ಹುರಿದ ಮೇಲೆ ಬಿಟ್ಟ ಎಣ್ಣೆಯನ್ನು ಪೂರ್ತಿ ಬಸಿಯದೆ ಒಂದು ಚಮಚ ಉಳಿಸಿಕೊಂಡರೆ ಸಾಕು. ಇನ್ನೊಂದು ವಿಷಯ, ಬೀಫ್ ಕೀಮಾ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಟರ್ಕಿ 74.

ಓಹಾಯೋ ಒಗ್ಗರಣೆ:
ಇವತ್ತು ಓಟ್ ಹಾಲು, ಅರ್ಧ ಚಮಚ ಬೆಣ್ಣೆ ಹಾಕಿ ಮಾಡಿದೆ. ಮುಚ್ಚಳ ತೆಗೆದಾಗ ಇನ್ನೂ ತೆಳ್ಳಗೇ ಇತ್ತು, ಗಾಬರಿಯಾಯಿತು. ಒಲೆ ಆರಿಸಿ ಐದು ನಿಮಿಷ ಬಿಟ್ಟ ಮೇಲೆ ಸೌಟಿಗೆ ಅಂಟುವಷ್ಟು ಮಂದವಾಗಿದೆ! ಮಕ್ಕಳು ಎರಡನೇ ಸಲ ಹಾಕಿಸಿಕೊಂಡರು. ಮಿಕ್ಕಿದ್ದು ನಾಳೆ ಡಬ್ಬಿಗೆ ಆಗುತ್ತದಾ?

ಪುತ್ತೂರು ಪಾಕ:
ತುಂಬಾ ಖುಷಿ. ಪುಡಿಯಲ್ಲಿರುವ ಪಿಷ್ಟ ಆರುತ್ತಾ ಗಟ್ಟಿಯಾಗುತ್ತದೆ, ಆ ಐದು ನಿಮಿಷ ಯಾವಾಗಲೂ ಕಾಯಿರಿ. ಆಗಲೂ ತೆಳ್ಳಗಿದ್ದರೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಲ್ಲಿ ಕದಡಿ ಹಾಕಿ, ಒಂದು ಕುದಿ ಬರಿಸಿ. ನಾಳೆಗೆ ಧಾರಾಳವಾಗಿ ಆಗುತ್ತದೆ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ರಾತ್ರಿಯಿಡೀ ಪಾಸ್ತಾ ಸಾಸ್ ಹೀರಿ ಮುದ್ದೆಯಾಗಿರುತ್ತದೆ, ಬಿಸಿ ಮಾಡುವಾಗ ಎರಡು ಮೂರು ಚಮಚ ಓಟ್ ಹಾಲು ಚಿಮುಕಿಸಿ ಸಣ್ಣ ಉರಿಯಲ್ಲಿ ಮಗುಚಿ. ಉಪ್ಪು ಮತ್ತೆ ಹಾಕಬೇಡಿ, ಪುಡಿಯಲ್ಲೇ ಬೇಕಾದಷ್ಟಿದೆ.