ಸಹಾಯ ಬೇಕು: ಜಪಾನಿನ ಹಳೆಯ ಕೋಟೆಗಳು, ಸಮಯ ಮಾತ್ರ ಕಡಿಮೆ

ಎಲ್ಲರಿಗೂ ನಮಸ್ಕಾರ. ನವೆಂಬರಿನಲ್ಲಿ ಅಪ್ಪನ ಜೊತೆ ಜಪಾನಿಗೆ ಹೋಗುತ್ತಿದ್ದೇನೆ, ಪೂರ್ತಿ ಒಂದು ವಾರವೂ ಸಿಗುವುದಿಲ್ಲ, ಇಳಿಯುವುದು ಒಸಾಕಾದಲ್ಲಿ, ವಾಪಸ್ ಹೊರಡುವುದು ಟೋಕಿಯೊದಿಂದ. ಶಾಪಿಂಗ್, ಥೀಮ್ ಪಾರ್ಕ್ ಏನೂ ಬೇಡ. ಸಮುರಾಯ್ ಕಾಲದ ಕೋಟೆಗಳನ್ನು ನೋಡಬೇಕು, ಅದೂ ಮರದ ಮೂಲ ಗೋಪುರ ಉಳಿದಿರುವಂಥವು. ಇಡೀ ದೇಶದಲ್ಲಿ ಅಂಥವು 12 ಮಾತ್ರ. ಒಸಾಕಾ ಕೋಟೆಯ ಈಗಿನ ಗೋಪುರ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಹಾಗಾಗಿ ಅಲ್ಲಿ ಕಂದಕ, ದೊಡ್ಡ ಕಲ್ಲಿನ ಗೋಡೆಗಳನ್ನು ನೋಡಿದರೆ ನಮಗೆ ಸಾಕು.

ಹಿಮೆಜಿ ಕೋಟೆಯನ್ನು ಬಿಡುವ ಮಾತೇ ಇಲ್ಲ. 1945ರ ಬಾಂಬ್ ದಾಳಿಯಲ್ಲಿ ಸುತ್ತಲಿನ ಊರು ಸುಟ್ಟರೂ ಆ ಗೋಪುರ ಉಳಿಯಿತು ಅಂತ ಓದಿದಾಗಿನಿಂದ ಅಪ್ಪ ಅದನ್ನೇ ಹೇಳುತ್ತಿದ್ದಾರೆ. ಒಸಾಕಾದಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಅರ್ಧ ಗಂಟೆ ಅಷ್ಟೇ. ಆಮೇಲೆ ಬಿವಾ ಸರೋವರದ ಹತ್ತಿರದ ಹಿಕೊನೆ, ನಗೋಯಾ ಪಕ್ಕದ ಇನುಯಾಮಾ, ಕೊನೆಗೆ ಬೆಟ್ಟಗಳ ನಡುವಿನ ಮಾತ್ಸುಮೊಟೊ, ಅಲ್ಲಿಂದ ಟೋಕಿಯೊ. ಇದು ಜಾಸ್ತಿ ಆಯಿತಾ? ಒಂದನ್ನು ಬಿಡಬೇಕು ಅಂದರೆ ಹಿಕೊನೆಯೋ, ಇನುಯಾಮಾವೋ? ಸುಮ್ನೆ ಓಡಾಡಿ ಫೋಟೊ ತೆಗೆದುಕೊಂಡು ಬರುವುದು ನಮಗೆ ಇಷ್ಟವಿಲ್ಲ.

ದೊಡ್ಡ ಚಿಂತೆ ಮೆಟ್ಟಿಲುಗಳದು. ಒಳಗೆ ಏಣಿಯಷ್ಟೇ ಕಡಿದಾಗಿರುತ್ತವೆ, ಚಪ್ಪಲಿ ಬಿಚ್ಚಿ ಹತ್ತಬೇಕು. ಅಪ್ಪನಿಗೆ ಮಂಡಿನೋವು. ವಯಸ್ಸಾದವರನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಯಾವ ಕೋಟೆಯಲ್ಲಿ ಕೊನೆಯ ಮಹಡಿಯವರೆಗೆ ಹೋಗಬಹುದು, ಎಲ್ಲಿ ಅಂಗಳದಲ್ಲೇ ಕೂರಿಸುವುದು ಒಳ್ಳೆಯದು?

ಇನ್ನೊಂದು, 2023ರಲ್ಲಿ ಇಡೀ ಜಪಾನಿಗೆ ಅನ್ವಯಿಸುವ ರೈಲ್ ಪಾಸ್ ದರ ತುಂಬಾ ಏರಿತಲ್ಲ, ಈ ದಾರಿಗೆ ಬಿಡಿ ಟಿಕೆಟ್‌ಗಳೇ ಅಗ್ಗ ಅಲ್ವಾ? ಜಪಾನಿನಲ್ಲಿರುವ ಕನ್ನಡಿಗರು ಉತ್ತರಿಸಿದರೆ ಈ ವಾರವೇ ಹೋಟೆಲ್ ಬುಕ್ ಮಾಡುತ್ತೇನೆ.