ಅಪ್‌ಡೇಟ್: ಇಡೀ ಟರ್ಕಿ ಕೋಳಿ ಎಣ್ಣೆಯಲ್ಲಿ ಕರಿದೆವು
ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಲ್ಲಿ ಡಲ್ಲಾಸ್ ಮನೆಯಲ್ಲಿ ಇಡೀ ಟರ್ಕಿ ಕರಿಯಬೇಕು, ಭಯ ಆಗುತ್ತಿದೆ ಅಂತ ಕೇಳಿದ್ದೆ. ಕರಿದೆವು, ತುಂಬಾ ಚೆನ್ನಾಗಿ ಬಂತು. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

12 ಪೌಂಡಿನ ಹಕ್ಕಿ. ಮೂರು ದಿನ ಫ್ರಿಜ್‌ನಲ್ಲಿ ಇಟ್ಟಿದ್ದರೂ ಬುಧವಾರ ರಾತ್ರಿ ಹೊಟ್ಟೆಯೊಳಗೆ ಕೈ ಹಾಕಿದರೆ ಬೆರಳಿಗೆ ಐಸ್ ತಾಗಿತು! ಹಾಗೇ ಬಿಟ್ಟಿದ್ದರೆ ಕಾದ ಎಣ್ಣೆ ಉಕ್ಕಿ ಬೆಂಕಿಗೆ ಚೆಲ್ಲುತ್ತಿತ್ತು. ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಾ ಕೂತೆ. ಬೆಳಿಗ್ಗೆ ಅದನ್ನು ಪಾತ್ರೆಯಲ್ಲಿಟ್ಟು ಮುಳುಗುವಷ್ಟು ನೀರು ಹಾಕಿ, ಹಕ್ಕಿ ತೆಗೆದ ಮೇಲೆ ನೀರು ಎಲ್ಲಿಗೆ ನಿಂತಿತೋ ಅಲ್ಲಿಗೆ ಗುರುತು ಮಾಡಿದೆ. ಎಣ್ಣೆ ಅಷ್ಟೇ, ಜಾಸ್ತಿ ಬೇಡ. ಆಮೇಲೆ ಪಾತ್ರೆ, ಟರ್ಕಿ ಎರಡನ್ನೂ ಒಳಗೂ ಹೊರಗೂ ಒರೆಸಿ ಒಣಗಿಸಿದೆ.

ಒಲೆ ಮನೆಯಿಂದ ದೂರ, ಹಿತ್ತಲಲ್ಲಿ. ಕಡಲೆಕಾಯಿ ಎಣ್ಣೆ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದಾಗ ಬರ್ನರ್ ಆರಿಸಿ, ಕೊಕ್ಕೆಯಲ್ಲಿ ನಿಧಾನವಾಗಿ ಇಳಿಸಿದೆವು. ಮತ್ತೆ ಹೊತ್ತಿಸಿದೆವು. ಆ ಚರ್‌ ಸದ್ದಿಗೆ ನನ್ನ ಹೆಂಡತಿ ಮಕ್ಕಳನ್ನು ಇನ್ನೂ ಹಿಂದಕ್ಕೆ ಎಳೆದುಕೊಂಡಳು.

ಪೌಂಡಿಗೆ ಮೂರೂವರೆ ನಿಮಿಷದ ಲೆಕ್ಕ, 42 ನಿಮಿಷ. ತೊಡೆಯ ದಪ್ಪ ಭಾಗದಲ್ಲಿ ಥರ್ಮಾಮೀಟರ್ ಚುಚ್ಚಿದರೆ 170. 165 ದಾಟಿದರೆ ಸಾಕು ಅಲ್ವಾ, ನೆಮ್ಮದಿ ಆಯಿತು. ಚರ್ಮ ಹಪ್ಪಳದ ಹಾಗೆ ಮುರಿಯಿತು. ಎದೆ ಮಾಂಸದಿಂದ ರಸ ಸುರಿಯುತ್ತಿತ್ತು. ಎಣ್ಣೆಯನ್ನು ಮಾತ್ರ ಪೂರ್ತಿ ತಣ್ಣಗಾಗುವ ತನಕ ಮುಟ್ಟಲಿಲ್ಲ.